ಸಾದ್ರನ ತಾಯಿ

"ಅಲ್ಲಾಡಬೇಡ ಕಣೆ, ತುರುಬು ಸೊಟ್ಟಗಾಗುತ್ತೆ," ಎಂದು ಮೆನ್ ಮುರ್ನಿ ಗೆಳತಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿದಳು. "ಇವತ್ತೇ ಕೊನೆ. ನಾಳೆಯಿಂದ ಈ ತಲೆ ಮುಟ್ಟೋ ಹಾಗಿಲ್ಲ. ಜಗಳ ಬಂದ್ರೆ ಜುಟ್ಟು ಹಿಡಿಯೋಕೂ ಆಗಲ್ಲ ನೋಡು."

ಮೆನ್ ಸಾದ್ರ ನಗಲಿಲ್ಲ. ಮಡಿಲಲ್ಲಿದ್ದ ಬಿಳಿ ಬಟ್ಟೆಯ ಮಡಿಕೆಯನ್ನು ಉಗುರಿನಿಂದ ತೀಡುತ್ತ ಜಗಲಿಯ ಮೇಲೆ ಕೂತಿದ್ದಳು. ಅಂಗಳದಾಚೆ ತೆಂಗಿನ ಕಾಂಡ ಕೊರೆದು ಮಾಡಿದ, ಉಪ್ಪುನೀರು ಒಣಗಿಸುವ ಮರಿಗೆಗಳು, ಅದರಾಚೆ ಕರಿಮರಳು, ಸಮುದ್ರ.

"ಇನ್ನು ಮೇಲೆ ನನ್ನ ಏನಂತ ಕರೀತಾರೆ?"

"ಗೊತ್ತಿಲ್ಲದವಳ ಹಾಗೆ ಕೇಳ್ತೀಯಲ್ಲ! ಸಮುದ್ರದ ಗುಡಿ ಪೂಜೆಗೆ ನಿಂತ ಮೇಲೆ ಊರಿಗೆಲ್ಲ ನೀನು ಜೆರೋ. ನಾನೂ ಜೆರೋ ಅನ್ನಬೇಕು, ತಾವು ಅನ್ನಬೇಕು. ನಿನ್ನ ಬೆನ್ನು ತಿಕ್ಕಿದ ನಾನು, ನಿನಗೆ ತಾವು!"

"ಹಾಗಾದ್ರೆ ಸಾದ್ರ ಅಂತ ಇನ್ಯಾರೂ ಅನ್ನಲ್ಲ."

ಬಾಚಣಿಗೆ ನಿಂತಿತು.

ಬಾಲಿಯ ಆ ಕರಾವಳಿಯಲ್ಲಿ ಹೆಣ್ಣಿಗೆ ಚೊಚ್ಚಲ ಮಗು ಹುಟ್ಟಿದರೆ ಅವಳ ಸ್ವಂತ ಹೆಸರು ಕಳಚಿಬೀಳುತ್ತದೆ. ಸಾದ್ರ ಹುಟ್ಟಿದ ದಿನ ರಿಂತಿ ಎಂಬ ಹುಡುಗಿ ಸಾದ್ರನ ತಾಯಿಯಾದಳು, ಮೆನ್ ಸಾದ್ರ. ಆಗ ಅವಳಿಗೆ ದುಃಖವಾಗಿರಲಿಲ್ಲ. ಯಾರಾದರೂ ಹೊಸ ಹೆಸರಿಂದ ಕರೆಯಲಿ ಎಂದು ಕೂಸನ್ನು ಸೊಂಟಕ್ಕೇರಿಸಿಕೊಂಡು ಕೆಲಸವಿಲ್ಲದಿದ್ದರೂ ಬಾವಿಕಟ್ಟೆಯ ಕಡೆ ಸುಳಿದಾಡುತ್ತಿದ್ದಳು. ಗಂಡ ಜ್ವರದಲ್ಲಿ ಹೋದ. ಮಗ ಬೆಳೆದು, ಪಡುಗಾಳಿಯ ಒಂದು ಬೆಳಿಗ್ಗೆ ದೋಣಿ ತಳ್ಳಿಕೊಂಡು ಹೋದವನು ಬರಲಿಲ್ಲ. ಸಮುದ್ರ ದೋಣಿಯನ್ನೂ ಕೊಡಲಿಲ್ಲ, ಹೆಣವನ್ನೂ ಕೊಡಲಿಲ್ಲ. ಗಂಧದ ಚೂರಿನ ಮೇಲೆ ಅವನ ರೂಪ ಬರೆದು ಸುಟ್ಟು, ಬೂದಿಯನ್ನು ಅದೇ ಸಮುದ್ರಕ್ಕೆ ಬಿಟ್ಟರು.

ಉಳಿದದ್ದು ಹೆಸರೊಂದೇ, ಅದೂ ಊರವರ ಬಾಯಲ್ಲಿ. ಮೆನ್ ಸಾದ್ರ, ಒಲೆಗೆ ಕೆಂಡ ಇದೆಯಾ? ಮೆನ್ ಸಾದ್ರ, ನಿನ್ನ ಹಾಳು ಕೋಳಿ ನಮ್ಮ ಅಕ್ಕಿಗೆ ಬಾಯಿ ಹಾಕಿದೆ! ಅವರು ಕರೆಯುತ್ತಿದ್ದದ್ದು ಅವಳನ್ನು. ಅವಳಿಗೆ ಕೇಳಿಸುತ್ತಿದ್ದದ್ದು ಅವನ ಹೆಸರು.

ಗುಡಿಯ ಹಬ್ಬದಲ್ಲಿ ಮೈಮೇಲೆ ದೇವರು ಬಂದವನು ನಡುಗುತ್ತ ಬಂದು ಅವಳ ಕೈ ಹಿಡಿದು, ಇವಳೇ ನನ್ನ ಗಂಟೆ ಹಿಡಿಯುವವಳು ಎಂದಾಗ ಅವಳು ಮಂಡಿನೋವಿನ ನೆವ ಹೇಳಿದ್ದಳು. ಮಂತ್ರ ಬಾರದು ಎಂದಿದ್ದಳು. ನಿನ್ನ ಸೇವೆ ನನಗೇಕೆ ಎಂದು ಸಮುದ್ರಕ್ಕೆ ಬೆನ್ನು ಹಾಕಿ ಮಲಗಿದ್ದಳು. ಆದರೆ ಹಳೆಯ ಜೆರೋ ನೆನಪಾಗುತ್ತಿದ್ದಳು. ಸಾದ್ರ ಬಾರದಿದ್ದಾಗ ಆ ಮುದುಕಿ ಸೊಂಟಮಟ್ಟದ ನೀರಿನಲ್ಲಿ ಇವಳ ಪಕ್ಕದಲ್ಲೇ ನಿಂತು, ದನಿ ಒಡೆಯುವವರೆಗೂ ಗಂಟೆ ಬಾರಿಸಿ ಬೇಡಿಕೊಂಡಿದ್ದಳು. ಅವಳು ತೀರಿಕೊಂಡ ಮೇಲೆ ಗಂಟೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಈ ಸಲ ಮಳೆ ನಿಂತು ದೋಣಿಗಳು ತೀರ್ಥ ಹಾಕುವವರಿಲ್ಲದೆಯೇ ನೀರಿಗಿಳಿದವು. ಒಂದರಲ್ಲಿ ಮೆನ್ ಮುರ್ನಿಯ ಗಂಡ, ಮುರ್ನಿಯ ಅಪ್ಪನಿದ್ದ. ಬಾಯಿಬಡುಕಿ ಮೆನ್ ಮುರ್ನಿ ಆವತ್ತು ಮಾತಿಲ್ಲದೆ, ಎದೆಯ ಮೇಲೆ ಕೈಯಿಟ್ಟು ದಡದಲ್ಲಿ ನಿಂತಿದ್ದನ್ನು ಮೆನ್ ಸಾದ್ರ ಕಂಡಳು. ತಾನು ನಿಂತಿದ್ದ ಹಾಗೆಯೇ. ಅಂದು ಸಂಜೆಯೇ ಊರ ಹಿರಿಯನ ಮನೆಗೆ ಹೋಗಿ ಆಗಲಿ ಎಂದು ಬಂದಳು.

"ಒಂದು ಕೆಲಸ ಮಾಡೋಣ," ಎಂದಳು ಮೆನ್ ಮುರ್ನಿ, ಬಾಚಣಿಗೆ ಮತ್ತೆ ಎಳೆಯುತ್ತ. "ನನ್ನ ಹಂದಿಮರಿಗೆ ಸಾದ್ರ ಅಂತ ಹೆಸರಿಡ್ತೀನಿ. ಬೆಳಿಗ್ಗೆ ಸಂಜೆ ಕೂಗಿ ಕೂಗಿ ಕರೀತೀನಿ. ಗೋಡೆಯಾಚೆ ಕೂತು ಕೇಳಿಸ್ಕೋ."

"ಥೂ ನಿನ್ನ! ನಿನ್ನ ಬಾಯಿಗಿಷ್ಟು ಉಪ್ಪು ಹಾಕ!"

"ತಿನ್ನೋದ್ರಲ್ಲಿ ಅವನೂ ಹಾಗೇ ಇದ್ದ ಅಲ್ವೇನೇ?"

ಮೆನ್ ಸಾದ್ರ ತಿರುಗಿ ಅವಳ ತೊಡೆಗೆ ಹೊಡೆದಳು. ನಗು ಬಂತು. ಬಂದ ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ತುರುಬನ್ನು ಮತ್ತೆ ಮೊದಲಿಂದ ಕಟ್ಟಬೇಕಾಯಿತು.

ಅದೇ ದಿನ ಗುಡಿಯಲ್ಲಿ, ದೀಕ್ಷೆ ಕೊಡಲು ಬಂದ ಮುದಿ ಗುರು ವೀಳ್ಯದೆಲೆಯ ತೊಟ್ಟನ್ನು ಜೇನಿನಲ್ಲದ್ದಿ ಅವಳ ನಾಲಗೆಯ ಮೇಲೆ ಅಕ್ಷರ ಬರೆದ. ಸಿಹಿ ಗಂಟಲಿಗಿಳಿಯಿತು. ಊರ ಹಿರಿಯ ಎದ್ದು ನಿಂತು ಹೇಳಿದ: "ಇವತ್ತಿಂದ ಇವರು ಜೆರೋ. ಹಳೇ ಹೆಸರು ಹಿಡಿದು ಯಾರೂ ಕೂಗಕೂಡದು. ಕೂಗಿದ್ರೂ ಇವರು ಓಗೊಡಕೂಡದು."

"ನನ್ನ ಹೆಂಡ್ತಿ ಯಾವ ಹೆಸರಿಗೂ ಓಗೊಡಲ್ಲ, ಅವಳನ್ನೇನು ಮಾಡೋಣ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದು ಕೈಮುಗಿದರು. ಜೆರೋ. ಜೆರೋ. ಬಾಯಲ್ಲಿನ್ನೂ ಜೇನಿತ್ತು.

ಮರುದಿನ ಬೆಳಿಗ್ಗೆ ದೋಣಿಗಳು ದಡದಲ್ಲಿ ಸಾಲಾಗಿ ನಿಂತಿದ್ದವು. ನೈವೇದ್ಯದ ಬುಟ್ಟಿ ಹೊತ್ತ ಮೆನ್ ಮುರ್ನಿ ಎರಡು ಹೆಜ್ಜೆ ಹಿಂದೆಯೇ ಉಳಿದಳು. "ನೀನು... ತಾವು ಮುಂದೆ ನಡೀರಿ ಜೆರೋ." ಜೆರೋ ಹೂವಿನಲ್ಲಿ ತೀರ್ಥ ಅದ್ದಿ ಒಂದೊಂದು ದೋಣಿಯ ಮೂತಿಗೂ ಚಿಮುಕಿಸಿದಳು. ಮುರ್ನಿಯ ಅಪ್ಪ ತಲೆ ತಗ್ಗಿಸಿದಾಗ ಅವನ ನರೆಗೂದಲ ಮೇಲೆ ಇನ್ನೊಂದು ಸಲ ಚಿಮುಕಿಸಿದಳು. ಗಂಟೆ ಬಾರಿಸಿದಳು. ದೋಣಿಗಳು ನೀರಿಗಿಳಿದವು.

ಆಗ ಮೇಲಿನ ರಸ್ತೆಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಉಪ್ಪು ಕೊಳ್ಳುವ ವ್ಯಾಪಾರಿ ಸಹ್ನಾನ್. ಮಳೆ ಮುಗಿದ ಮೇಲೆ ಮೊದಲ ಸಲ ಬಂದಿದ್ದ, ಊರಿನ ಸುದ್ದಿ ಏನೂ ತಿಳಿಯದವನು.

"ಮೆನ್ ಸಾದ್ರ! ಉಪ್ಪು ಇದೆಯೇನಮ್ಮಾ? ಓ ಮೆನ್ ಸಾದ್ರ!"

ಜೆರೋ ಸಮುದ್ರದ ಕಡೆಗೇ ಮುಖ ಮಾಡಿ ನಿಂತಿದ್ದಳು. ಮೆನ್ ಮುರ್ನಿ ಗಾಬರಿಯಿಂದ ಬುಟ್ಟಿ ಇಳಿಸಿ ಅವನ ಬಾಯಿ ಮುಚ್ಚಿಸಲು ಓಡಬೇಕೆಂದು ತಿರುಗಿದಳು. ಅವಳ ನಡುಪಟ್ಟಿಯ ಅಂಚನ್ನು ಯಾರೋ ಹಿಡಿದಂತಾಯಿತು. ಜೆರೋಳ ಬೆರಳುಗಳು. ಮೆನ್ ಮುರ್ನಿ ಆ ಬೆರಳುಗಳನ್ನು ನೋಡಿದಳು. ಓಡದೆ ಪಕ್ಕದಲ್ಲೇ ನಿಂತಳು.

ಗಾಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡ ಸಹ್ನಾನ್ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಹೆಸರನ್ನು ಎಳೆದೆಳೆದು ಇನ್ನೂ ಜೋರಾಗಿ ಕೂಗಿದ. ಕೂಗು ಅವರಿಬ್ಬರ ತಲೆಯ ಮೇಲಿಂದ ಹಾದು, ಆಗಲೇ ಚಿಕ್ಕದಾಗಿದ್ದ ದೋಣಿಗಳ ಕಡೆ ಹೋಯಿತು.

ಕೂಗು ಮುಗಿಯುವವರೆಗೂ ಸದ್ದಾಗದಂತೆ ಜೆರೋ ಗಂಟೆಯ ನಾಲಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು ನಿಂತಳು.