ಟ್ಯಾಂಕಿನೊಳಗಿನ ವಾಸನೆ

ಇಲಾಖೆಯಲ್ಲಿ ಎಲ್ಲರೂ ಅವರನ್ನು ಮೂಗಿನ ಸಾಹೇಬರು ಎಂದೇ ಕರೆಯುತ್ತಿದ್ದರು. ಕೆಲವರು ಬೆನ್ನ ಹಿಂದೆ, ಕೆಲವರು ಎದುರಿಗೇ. ಅವರಿಗೂ ಅದರಲ್ಲಿ ಒಂದಿಷ್ಟು ಹೆಮ್ಮೆ ಇತ್ತು. ಇರಲಿ ಬಿಡಿ, ದುಡಿದು ಸಂಪಾದಿಸಿದ ಹೆಸರು ಅದು.

ಬೆಳೆಗೆ ಔಷಧಿ ಹೊಡೆಯುವ ದೊಡ್ಡ ಡ್ರೋನಿಗೂ ಬಾಂಬು ಹೊರುವ ಡ್ರೋನಿಗೂ ಇರುವ ವ್ಯತ್ಯಾಸ ನಾಲ್ಕು ಬೋಲ್ಟು. ಕೆಳಗಿನ ಮೂವತ್ತು ಲೀಟರಿನ ಟ್ಯಾಂಕು ಬಿಚ್ಚಿ, ಅಲ್ಲೊಂದು ಕೊಕ್ಕೆ ಕೂರಿಸಿದರೆ ಮುಗಿಯಿತು. ಅದಕ್ಕೇ ಮೂವತ್ತೊಂದು ದೇಶಗಳು ಸೇರಿ, ಹನ್ನೊಂದು ವರ್ಷ ಕಿತ್ತಾಡಿ, ಒಂದು ಒಪ್ಪಂದ ಮಾಡಿಕೊಂಡಿದ್ದವು. ಡ್ರೋನು ಕೊಂಡ ಮೊದಲ ವರ್ಷ ಅದು ಹೊಲದ ಗಡಿ ದಾಟದಂತೆ ಒಳಗೆ ಒಂದು ಬೀಗ. ವರ್ಷ ತುಂಬಿದ ಮೇಲೆ ತನಿಖೆಯವರು ಇಬ್ಬರು ಹೋಗಿ, ಅದು ನಿಜವಾಗಿಯೂ ಹೊಲದಲ್ಲಿ ದುಡಿದಿದೆಯೇ ಎಂದು ನೋಡಿ, ಇಬ್ಬರೂ ಸಹಿ ಹಾಕಿದರೆ ಬೀಗ ತೆಗೆಯುವುದು. ಆಮೇಲೆ ಅದು ಎತ್ತ ಹಾರಿತು ಎಂದು ಕೇಳುವವರಿಲ್ಲ.

ದುಡಿದಿದೆ ಎಂದು ತಿಳಿಯುವುದು ಹೇಗೆ? ದಿನಚರಿ ಪುಸ್ತಕವನ್ನು ಕುರ್ಚಿಯಲ್ಲಿ ಕೂತೇ ತುಂಬಿಸಬಹುದು. ರೆಕ್ಕೆಗೆ ಉಪ್ಪುಕಾಗದ ತಿಕ್ಕಿ ಸವೆಸಬಹುದು. ಕಾಲಿಗೆ ಕೆಸರು ಮೆತ್ತಬಹುದು. ಆದರೆ ವರ್ಷವಿಡೀ ಔಷಧಿ ಹೊತ್ತ ಟ್ಯಾಂಕಿನ ಒಳಗೆ, ಕೊಳೆತ ಬೆಳ್ಳುಳ್ಳಿಯಂಥ ಒಂದು ನಾತ ಕೂತುಬಿಡುತ್ತದೆ. ಹತ್ತು ಸಲ ತೊಳೆದರೂ ಹೋಗದು. ಇದನ್ನು ಕಂಡುಹಿಡಿದವರು ಸಾಹೇಬರು. ಮೊದಲ ವರ್ಷವೇ ಮುಚ್ಚಳ ತೆಗೆದು ಮೂಸಿ, ಒಂದು ಹನಿ ಔಷಧಿ ಕಾಣದ ಒಂಬತ್ತು ಡ್ರೋನುಗಳನ್ನು ಹಿಡಿದಾಗ ದೊಡ್ಡ ದೊಡ್ಡವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಿಯಮದ ಪುಸ್ತಕದಲ್ಲಿ ‘ಟ್ಯಾಂಕು ಮೂಸಿ ನೋಡತಕ್ಕದ್ದು’ ಎಂಬ ಸಾಲು ಸೇರಿದ್ದೂ ಆಗಲೇ.

ಎರಡು ವರ್ಷದ ಹಿಂದೆ ಅವರಿಗೆ ಒಂದು ಜ್ವರ ಬಂತು. ಹದಿನೈದು ದಿನ ಮಲಗಿಸಿ, ಜ್ವರ ಹೋಯಿತು. ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕೊಂಡೊಯ್ಯಿತು.

ಅದು ಮೊದಲು ಗೊತ್ತಾದದ್ದು ಹೆಂಡತಿಗೆ. ಅವರು ಒಲೆಯ ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದಾಗ ಹಾಲು ಸೀದು ಪಾತ್ರೆ ಕರ್ರಗಾಗಿತ್ತು. “ಮನೆಯೆಲ್ಲ ಹೊಗೆ ವಾಸನೆ, ನಿಮಗೆ ಗೊತ್ತಾಗ್ಲಿಲ್ವೇನ್ರೀ?” ಎಂದು ಬೈಯುತ್ತ ಬಂದವಳು, ಗಂಡನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದಳು. ಡಾಕ್ಟರು, ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿರಲಿಲ್ಲ.

“ಆಫೀಸಲ್ಲಿ ಹೇಳಿಬಿಡಿ,” ಎಂದು ಹೆಂಡತಿ ಎಷ್ಟೋ ಸಲ ಅಂದಳು. ಹೇಳುತ್ತೇನೆ ಎಂದರು. ಇವತ್ತು ಬೇಡ, ನಾಳೆ. ಈ ಸುತ್ತು ಮುಗಿಯಲಿ, ಮುಂದಿನದಕ್ಕೆ. ನಾಚಿಕೆಯೇ ಅದಕ್ಕೆ ಕಾರಣ, ಬೇರೇನಲ್ಲ. ಮೂಗಿಲ್ಲದ ಮೂಗಿನ ಸಾಹೇಬರು ಅಂದರೆ ಇಡೀ ಇಲಾಖೆ ನಗುವುದಿಲ್ಲವೇ? ಹೀಗೆ ಎರಡು ವರ್ಷದಲ್ಲಿ ನಲವತ್ತೊಂದು ಕಡೆ ಹೋದರು. ಮುಚ್ಚಳ ತೆಗೆದರು, ಬಗ್ಗಿದರು, ಕಣ್ಣು ಮುಚ್ಚಿದರು, “ಇದೆ” ಎಂದರು. ಇಲ್ಲ ಎಂದರೆ ಗಲಾಟೆ, ಮರುತನಿಖೆ, ಇನ್ನೊಬ್ಬರ ಮೂಗು. ಇದೆ ಎಂದರೆ ಯಾರೂ ಕೇಳುವುದಿಲ್ಲ. ಜೊತೆಗೆ ಬರುತ್ತಿದ್ದ ಹಳೆಯ ಗೆಳೆಯ ಜೀಪಿನಿಂದ ಇಳಿಯುವ ಮೊದಲೇ ಸಹಿ ಮಾಡಿಟ್ಟಿರುತ್ತಿದ್ದ. ಆ ಪುಣ್ಯಾತ್ಮ ಈ ವರ್ಷ ನಿವೃತ್ತನಾದ. ಬದಲಿಗೆ ಬಂದವಳು ಒಬ್ಬ ಇಂಜಿನಿಯರಮ್ಮ, ಕೆಲಸಕ್ಕೆ ಸೇರಿ ಮೂರು ತಿಂಗಳು.

ಇಬ್ಬರೂ ಆ ದಿನ ಮಧ್ಯಾಹ್ನ ಹೋದದ್ದು ಬೆಳೆಗಾರರ ಸಂಘದ್ದು ಎಂದು ಬೋರ್ಡು ಹಾಕಿಕೊಂಡಿದ್ದ ಒಂದು ಗೋದಾಮಿಗೆ. ತಗಡಿನ ಮಾಡು, ಸಿಮೆಂಟಿನ ನೆಲ, ಸಾಲಾಗಿ ಹದಿನೆಂಟು ಡ್ರೋನು. ಹೋದ ವರ್ಷ ಸಾಹೇಬರು ಇಲ್ಲೇ ಹನ್ನೆರಡರ ಬೀಗ ತೆಗೆಸಿಕೊಟ್ಟಿದ್ದರು. ಗೋದಾಮು ಕಾಯುವವನು ಆಗಿದ್ದವನೇ, ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸೊಂಟದ ಬೀಗದ ಕೈ ಗೊಂಚಲು ಹಿಡಿದುಕೊಂಡು ಬಾಗಿಲ ಹತ್ತಿರ ನಿಂತ. ಸಾಹೇಬರಿಗೆ ನಮಸ್ಕಾರವನ್ನೂ ಮಾಡಲಿಲ್ಲ.

ಸಾಹೇಬರು ಮೊದಲನೆಯದರ ಮುಚ್ಚಳ ತಿರುಗಿಸಿದರು. ಬಗ್ಗಿದರು. ಮೂಗಿಗೆ ತಣ್ಣನೆಯ ಗಾಳಿ ತಗುಲಿತು, ಅಷ್ಟೇ. “ಇದೆ,” ಎಂದರು. ಎರಡನೆಯದು. “ಇದೆ.” ಸೊಂಟ ನೋಯುತ್ತಿತ್ತು. ಹದಿನೆಂಟು ಸಲ ಬಗ್ಗಬೇಕಲ್ಲ ಎಂಬುದೊಂದೇ ಚಿಂತೆ. ಸುಳ್ಳು ಹೇಳುತ್ತಿದ್ದೇನೆ ಎನ್ನುವುದು ಅವರಿಗೆ ಎಂದೋ ಅಭ್ಯಾಸವಾಗಿಬಿಟ್ಟಿತ್ತು.

ಐದನೆಯದಕ್ಕೆ ಬಂದಾಗ, ಹಿಂದೆ ಗುರುತು ಹಾಕಿಕೊಳ್ಳುತ್ತಿದ್ದ ಇಂಜಿನಿಯರಮ್ಮ ತಾನೂ ಒಂದು ಮುಚ್ಚಳ ತೆಗೆದಳು.

“ಸರ್, ನನಗೇನೂ ಬರ್ತಾ ಇಲ್ಲ.”

“ಏನು ಬರ್ತಾ ಇಲ್ಲ?”

“ವಾಸನೆ. ಟ್ಯಾಂಕಿನ ಹೊರಗಡೆ ಔಷಧಿ ನಾತ ಹೊಡೀತಿದೆ. ಒಳಗೆ ಹೊಸಾ ಪ್ಲಾಸ್ಟಿಕ್ ಬಕೆಟ್ಟಿನ ವಾಸನೆ ಬರ್ತಿದೆ.” ಇನ್ನೊಂದು ತೆಗೆದಳು. ಮತ್ತೊಂದು ತೆಗೆದಳು. “ಇದ್ರಲ್ಲೂ ಅಷ್ಟೇ ಸರ್.”

“ಅಭ್ಯಾಸ ಬೇಕಮ್ಮಾ ಅದಕ್ಕೆ,” ಎಂದರು ಸಾಹೇಬರು. ಯಾವ ಕಷ್ಟವೂ ಇಲ್ಲದೆ ಬಂತು ಆ ಮಾತು.

ಅವಳು ವಾದಿಸಿದ್ದರೆ ಅವರು ಗದರಿಸಿಬಿಡುತ್ತಿದ್ದರು, ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ನಾಲಗೆ ಕಚ್ಚಿಕೊಂಡಳು. “ಸಾರಿ ಸರ್. ನಿಮ್ಮ ಮೂಗೆಲ್ಲಿ, ನನ್ನದೆಲ್ಲಿ. ತರಬೇತೀಲೂ ಹೇಳಿದ್ರು, ಅನುಮಾನ ಬಂದ್ರೆ ಸಾಹೇಬರನ್ನ ಕೇಳಿ ಅಂತ,” ಎಂದು ನಕ್ಕು, ತಾನು ಹಾಕಿದ್ದ ತಪ್ಪು ಗುರುತುಗಳನ್ನು ಹೊಡೆದುಹಾಕಿ, ಸರಿ ಗುರುತು ಹಾಕತೊಡಗಿದಳು. ಎಲ್ಲ ಮುಗಿಸಿ, ಕೊನೆಯ ಹಾಳೆ ತಿರುವಿ, ತನ್ನ ಸಹಿಯ ಜಾಗದಲ್ಲಿ ಪೆನ್ನಿಟ್ಟಳು. ಬೀಗ ತೆಗೆಯುವ ಪೆಟ್ಟಿಗೆ ಅವಳ ಕಾಲ ಬಳಿ ಇತ್ತು. ಒಂದು ಗುಂಡಿ ಒತ್ತಿದರೆ ಹದಿನೆಂಟೂ ಹೊರಗೆ.

ಸಾಹೇಬರು ಆ ಪೆನ್ನನ್ನೇ ನೋಡಿದರು. ಇಷ್ಟು ದಿನ ಅವರು ತಮ್ಮ ಮೂಗಿಲ್ಲದ್ದನ್ನು ಮುಚ್ಚಿಟ್ಟಿದ್ದರು, ಸರಿ. ಈಗ ನೆಟ್ಟಗಿರುವ ಇನ್ನೊಬ್ಬರ ಮೂಗನ್ನೂ ಕೊಯ್ದಿದ್ದರು. ಅದೂ ಅವಳ ಕೈಯಿಂದಲೇ, ನಗುನಗುತ್ತಾ.

“ಸಹಿ ಹಾಕಬೇಡಮ್ಮಾ,” ಎಂದರು.

“ಯಾಕೆ ಸರ್?”

“ನಿನ್ನ ಮೂಗು ಸರಿಯಾಗಿದೆ. ನನಗೆ ಏನೂ ಗೊತ್ತಾಗಲ್ಲ. ಎರಡು ವರ್ಷ ಆಯ್ತು. ಔಷಧಿ ಇರಲಿ, ಬೆಂಕಿ ಬಿದ್ರೂ ಗೊತ್ತಾಗಲ್ಲ.”

ಅವಳು ತಮಾಷೆ ಎಂದುಕೊಂಡಳು. ಆಮೇಲೆ ಅಲ್ಲ ಎಂದು ತಿಳಿಯಿತು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕೊನೆಗೆ ಬೀಗ ತೆಗೆಯುವ ಪೆಟ್ಟಿಗೆಯನ್ನು ಎತ್ತಿ ಚೀಲದೊಳಗೆ ಇಟ್ಟಳು. ಸಾಹೇಬರು ಅಲ್ಲೇ ಇದ್ದ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತರು. ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಅವರಿಗೆ ಹಾಗೇನೂ ಆಗಲಿಲ್ಲ. ಸುಸ್ತು ಮಾತ್ರ ಇತ್ತು.

ಬಾಗಿಲ ಬಳಿ ನಿಂತಿದ್ದ ಗೋದಾಮಿನವನು ಹತ್ತಿರ ಬಂದ.

“ಹಾಗಾದ್ರೆ ಹೋದ ವರ್ಷಾನೂ ನಿಮಗೆ ಗೊತ್ತಾಗಿರ್ಲಿಲ್ವಾ ಸಾರ್?”

“ಇಲ್ಲಪ್ಪಾ.”

ಅವನು ಹಿಡಿದಿದ್ದ ಬೀಗದ ಕೈ ಗೊಂಚಲನ್ನು ಬಿಟ್ಟ. “ನೀವು ಬರೋ ಹಿಂದಿನ ದಿನ ಹೊರಗಡೆ ಔಷಧಿ ಹಚ್ಚಿದ್ದು ನಾನೇ ಸಾರ್. ಸಂಘದವರು ಹಚ್ಚು ಅಂದ್ರು, ಹಚ್ಚಿದೆ. ಹೊಟ್ಟೆಪಾಡು. ಒಳಗೂ ಹಾಕು ಅಂದಿದ್ರು. ಒಳಗೆ ಹಾಕಲಿಲ್ಲ. ಹಾಕಿದೀನಿ ಅಂತ ಸುಳ್ಳು ಹೇಳಿದೆ. ಮೂಗಿನ ಸಾಹೇಬ್ರು ಬರ್ತಾರೆ, ಮುಚ್ಚಳ ತೆಗೀತಾರೆ, ಅವರೇ ಹಿಡೀತಾರೆ ಅಂತ.”

ಸಾಹೇಬರು ತಲೆ ಎತ್ತಲಿಲ್ಲ.

“ನೀವು ಹನ್ನೆರಡಕ್ಕೂ ಇದೆ ಅಂದ್ರಿ. ಇವರೂ ದುಡ್ಡು ತಿಂದಿದಾರೆ, ಬೇಲೀನೇ ಎದ್ದು ಹೊಲ ಮೇಯ್ದ್ರೆ ಇನ್ಯಾರಿಗೆ ಹೇಳೋದು ಅಂತ ಬಾಯಿ ಮುಚ್ಕೊಂಡೆ. ಮೂರನೇ ದಿನ ಲಾರಿ ಬಂತು. ಡ್ರೋನು ತಗೊಂಡು ಹೋದ್ರು. ಟ್ಯಾಂಕು ಬೇಕಾಗಿರ್ಲಿಲ್ಲ ಅವರಿಗೆ.”

ಅವನು ಗೋದಾಮಿನ ಹಿಂದಿನ ಮೂಲೆಯಲ್ಲಿ ಹೊದಿಸಿದ್ದ ಟಾರ್ಪಾಲು ಎಳೆದ. ಹನ್ನೆರಡು ಬಿಳಿ ಟ್ಯಾಂಕುಗಳು ಒಂದರ ಮೇಲೊಂದು. ಪ್ರತಿಯೊಂದರ ಮುಚ್ಚಳಕ್ಕೂ ಅಡ್ಡಲಾಗಿ ಒಂದು ಕಾಗದದ ಪಟ್ಟಿ, ತನಿಖೆಯಾಯಿತು ಎಂದು ಮೂಸಿದವರು ಸಹಿ ಹಾಕಿ ಅಂಟಿಸುವುದು. ಒಂದೂ ಹರಿದಿರಲಿಲ್ಲ.

ಇಂಜಿನಿಯರಮ್ಮ ಹೊಸ ಹಾಳೆ ತೆಗೆದು, ಬಗ್ಗಿ, ಒಂದೊಂದೇ ನಂಬರು ಬರೆದುಕೊಂಡಳು. ಹನ್ನೆರಡೂ ಮುಗಿದ ಮೇಲೆ, ಸಾಹೇಬರ ಮುಖ ನೋಡದೆ ಕೇಳಿದಳು.

“ಪಟ್ಟಿ ಮೇಲೆ ಸಹಿ ಯಾರದು ಅಂತ ಕಾಲಂ ಇದೆ ಸರ್. ಓದೋಕೆ ಬರ್ತಿಲ್ಲ ಅಂತ ಬರೀಲಾ?”

“ಚೆನ್ನಾಗೇ ಓದೋಕೆ ಬರುತ್ತಮ್ಮಾ,” ಎಂದರು ಸಾಹೇಬರು. “ನನ್ನದು ಅಂತ ಬರಿ. ಹನ್ನೆರಡಕ್ಕೂ.”