ಹಗ್ಗದ ಮೇಲಿನ ಕೈ

ಕೆಸರಿಗೆ ಇಳಿದ ಗಾಡಿ ಹೂತುಕೊಳ್ಳದೆ ಇದ್ದೀತೇ? ಊರಾಚೆಯ ಹಳೆಯ ಇಟ್ಟಿಗೆ ಹೊಂಡದಲ್ಲಿ ತಿಂಗಳಿಗೊಂದು ಭಾನುವಾರ ಟ್ರಕ್ಕುಗಳ ಕೆಸರು ಓಟ ನಡೆಯುತ್ತದೆ. ಗೆದ್ದವರಿಗೆ ಸಿಗುವುದು ಒಂದು ತಗಡಿನ ಬೋಗುಣಿ, ಅಷ್ಟೇ. ಆದರೂ ಅರ್ಧ ಊರು ದಂಡೆಯ ಮೇಲೆ ಚಾಪೆ ಹಾಸಿಕೊಂಡು ಕೂತಿರುತ್ತದೆ. ಬೆಳಗಿನ ಮಂಜು ಇನ್ನೂ ಹೊಂಡ ಬಿಟ್ಟು ಎದ್ದಿರುವುದಿಲ್ಲ. ಅದರೊಳಗಿಂದ ಟ್ರಕ್ಕುಗಳು ದೋಣಿಗಳ ಹಾಗೆ ತೇಲಿ ಬರುತ್ತವೆ. ಚಕ್ರ ಕಾಣುವುದಿಲ್ಲ, ಸದ್ದು ಮಾತ್ರ ಎಲ್ಲೋ ದೂರದಿಂದ ಬಂದಂತೆ ಕೇಳಿಸುತ್ತದೆ. ಟೈಲರಮ್ಮನಿಗೆ ಆ ಹೊತ್ತೆಂದರೆ ಪ್ರಾಣ. ವಾರವಿಡೀ ಸೂಜಿಯ ಮೊನೆ ನೋಡಿ ಸೋತ ಅವಳ ಕಣ್ಣಿಗೆ ಅಲ್ಲಿ ಎಲ್ಲವೂ ಮಸುಕಾಗಿ, ಹಿತವಾಗಿ ಕಾಣುತ್ತಿತ್ತು.

ಅವಳ ಗಂಡನದು ವೆಲ್ಡಿಂಗ್ ಅಂಗಡಿ. ಗುಜರಿಯಲ್ಲಿ ಸಿಕ್ಕ ನಾಲ್ಕು ಗಾಡಿಗಳ ಕೈಕಾಲು ಜೋಡಿಸಿ ಅವನು ಕಟ್ಟಿದ ಟ್ರಕ್ಕಿಗೆ ಊರವರು ಎಮ್ಮೆ ಎಂದು ಹೆಸರಿಟ್ಟಿದ್ದರು. ಕೆಸರು ಕಂಡರೆ ಸಾಕು, ಮಲಗಿಬಿಡುತ್ತಿತ್ತು. ಅದರ ಸೀಟು ಹೊಲಿದವಳು ಟೈಲರಮ್ಮ. ಮಲಗಿದ ಎಮ್ಮೆಯನ್ನು ಎಬ್ಬಿಸುವ ಯಜಮಾನಿಕೆ ಮಾತ್ರ ಮಾವನದು.

ಮಾವ ನಲವತ್ತು ವರ್ಷ ಲಾರಿ ಓಡಿಸಿದವರು. ಬೆನ್ನು ಕೈಕೊಟ್ಟ ಮೇಲೆ ಸ್ಟೀರಿಂಗ್ ಬಿಟ್ಟರು. ಅವರಿಗೆ ಉಳಿದದ್ದು ಹಗ್ಗವೊಂದೇ. ದಂಡೆಯ ಟ್ರ್ಯಾಕ್ಟರಿಗೂ ಎಮ್ಮೆಗೂ ಉಕ್ಕಿನ ಹಗ್ಗ ಕಟ್ಟಿದ ಮೇಲೆ, ಅದರ ಪಕ್ಕದಲ್ಲೇ ಮೊಣಕಾಲುದ್ದದ ಕೆಸರಲ್ಲಿ ನಿಂತು, ಒಂದು ಅಂಗೈಯನ್ನು ಹಗ್ಗದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಟ್ರ್ಯಾಕ್ಟರಿನವನಿಗೆ ಸನ್ನೆ ಮಾಡುತ್ತಿದ್ದರು. ಅಲ್ಲಿ ಪ್ರತಿ ಗಾಡಿಯ ಮನೆಯಲ್ಲೂ ಹೀಗೊಬ್ಬರು ಹಿರಿಯರು. ಹಗ್ಗಕ್ಕೆ ಕೈಯಿಡುವುದೆಂದರೆ ಮನೆಯ ಮರ್ಯಾದೆ.

ಕಳೆದ ಓಟ ಮುಗಿದಾಗ ಮಾವನ ಅಂಗೈಯಲ್ಲಿ ಸಣ್ಣ ಗೀರು ಬಿದ್ದಿತ್ತು. ಕೆಸರಲ್ಲಿ ಕಲ್ಲಿನ ಚೂರು ಇತ್ತೆಂದರು. ಟೈಲರಮ್ಮ ಮುಲಾಮು ಹಚ್ಚಿದಳು, ಆ ಮಾತು ಅಲ್ಲಿಗೇ ಮುಗಿಯಿತು.

ಮರುವಾರ ಪಕ್ಕದ ಮನೆಯ ಕ್ರೇನಕ್ಕ ಕೆಲಸದ ಪ್ಯಾಂಟಿಗೆ ತೇಪೆ ಹಾಕಿಸಲು ಬಂದಳು. ಗೋದಾಮಿನಲ್ಲಿ ಕ್ರೇನ್ ಓಡಿಸುವವಳು, ಮಾತು ಕಡಿಮೆ. ಅಂಗಳದಲ್ಲಿ ನಿಂತಿದ್ದ ಎಮ್ಮೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ಕೊಕ್ಕೆಯನ್ನು ಬಂಪರಿಗೆ ಹಾಕುತ್ತೀರಾ ಎಂದು ಕೇಳಿದಳು. ಬಂಪರು ಆಗಲೇ ಸೊಟ್ಟಗಾಗಿತ್ತು. ಅದು ಕಿತ್ತುಬಂದರೆ ಹಗ್ಗ ಆ ಕಬ್ಬಿಣದ ಸಮೇತ ಹಾರುತ್ತದೆ, ಕೊಕ್ಕೆಯನ್ನು ಅಡಿಯ ಚಾಸಿಗೇ, ಗಾಡಿಯ ಉಕ್ಕಿನ ಚೌಕಟ್ಟಿಗೇ ಹಾಕಬೇಕು ಎಂದಳು. ಗೋದಾಮಿನಲ್ಲಿ ಒಮ್ಮೆ ಹಗ್ಗ ಹರಿದಾಗ ಪಕ್ಕದಲ್ಲಿದ್ದ ಎಣ್ಣೆಯ ಡ್ರಮ್ಮಿನ ಹೊಟ್ಟೆ ಸೀಳಿಹೋಗಿತ್ತಂತೆ.

ಮಾವ ನಕ್ಕರು. "ನಲವತ್ತು ವರ್ಷ ಆಯ್ತಮ್ಮ ನಾನು ಹಗ್ಗ ಹಿಡಿದು. ಅದು ನನ್ನ ಕೈ ಜೊತೆ ಮಾತಾಡುತ್ತೆ. ಹರಿಯೋದಿದ್ರೆ ಮೊದಲೇ ಹೇಳುತ್ತೆ."

"ಹೇಳುತ್ತೆ ದೊಡ್ಡಪ್ಪ," ಎಂದಳು ಕ್ರೇನಕ್ಕ. "ಆದ್ರೆ ಕೈ ತೆಗೆಯೋಕೆ ಪುರುಸೊತ್ತು ಕೊಡಲ್ಲ."

ಮಾವ ಮುಖ ಊದಿಸಿಕೊಂಡು ಒಳಗೆ ಹೋದರು. ಗಂಡ ಕೊಕ್ಕೆಯ ಜಾಗ ಬದಲಿಸಲು ಒಪ್ಪಿದ. ಆದರೆ ಅಪ್ಪನನ್ನು ಹಗ್ಗದ ಪಕ್ಕದಿಂದ ಕದಲಿಸುವ ಮಾತು ಬಂದಾಗ, ಏನೋ ಕೆಲಸ ನೆನಪಾದವನಂತೆ ಅಂಗಡಿಗೆ ಹೊರಟುಬಿಟ್ಟ.

ಎರಡು ದಿನ ಕಳೆದು ಒಂದು ಮಧ್ಯಾಹ್ನ ಮಿಷನ್ನಿನ ಮುಂದೆಯೇ ಟೈಲರಮ್ಮನಿಗೆ ಜೋಂಪು ಹತ್ತಿತು. ಕನಸಿನಲ್ಲೂ ಅದೇ ಹೊಂಡ, ಅದೇ ಮಂಜು. ಎಮ್ಮೆ ಸದ್ದಿಲ್ಲದೆ ಕೆಸರಿನಿಂದ ಏಳುತ್ತಿತ್ತು. ಹಗ್ಗದ ಮೇಲೆ ಮಾವನ ಕೈ ಇತ್ತು, ಮುಲಾಮು ಕೂಡ ಕಾಣುತ್ತಿತ್ತು. ಮಾವ ಮಾತ್ರ ಇರಲಿಲ್ಲ. ಎಚ್ಚರವಾದಾಗ ಮಾವ ಎದುರಿಗೆ ಕೂತು, ದಿನದಂತೆ ಅವಳ ಬಾಬಿನ್ನಿಗೆ ನೂಲು ಸುತ್ತುತ್ತಿದ್ದರು. ಅವಳಿಗೆ ಅಳು ಬಂತು. ತವರಿನಲ್ಲಿ ಅಪ್ಪನನ್ನು ಕಾಣದವಳು. ಈ ಮನುಷ್ಯನನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

"ಮಾವ, ಈ ನೂಲಿನ ಮೇಲೆ ಬೆರಳಿಡಿ. ಹರಿಯುತ್ತೆ ಅನಿಸಿದ ಕೂಡ್ಲೇ ತೆಗೆದುಬಿಡಿ."

ಅವಳು ಮಿಷನ್ನಿನಲ್ಲಿ ನೂಲು ಬಿಗಿಯುವ ತಿರುಪನ್ನು ತಿರುಗಿಸುತ್ತಾ ನೂಲನ್ನು ಎಳೆದಳು. ಮಾವ ಕಣ್ಣು ಮುಚ್ಚಿ, ಬಿಗಿಯಾಗ್ತಿದೆ, ಇನ್ನೂ ಬಿಗಿಯಾಗ್ತಿದೆ ಎಂದರು. ಪಟ್ಟೆಂದು ನೂಲು ಹರಿಯಿತು. ಬೆರಳು ಅಲ್ಲೇ ಇತ್ತು.

ಇನ್ನೊಮ್ಮೆ ನೋಡೋಣ ಎಂದರು. ಇನ್ನೊಮ್ಮೆಯೂ ಬೆರಳು ಅಲ್ಲೇ ಇತ್ತು. ಮೂರನೆಯ ಸಲ ಅವರೇ ಬೇಡವೆಂದರು. ಹರಿದ ನೂಲಿನ ತುಂಡನ್ನು ಬೆರಳಿಗೆ ಸುತ್ತಿಕೊಂಡರು.

"ಸರಿ ಕಣಮ್ಮ. ಹಾಗಾದ್ರೆ ನಾನು ಅಲ್ಲಿಗೆ ಬಂದು ಮಾಡೋದೇನು? ಚಾಪೆ ಮೇಲೆ ಕೂರ್ಲಾ?"

ಅಷ್ಟೂ ದಿನದ ಹಠದ ಹಿಂದೆ ಇದ್ದದ್ದು ಈ ಒಂದು ಪ್ರಶ್ನೆ. ಉತ್ತರವನ್ನು ಕ್ರೇನಕ್ಕನಿಂದ ಅವಳು ಆಗಲೇ ಕೇಳಿ ತಿಳಿದಿದ್ದಳು. ಹಗ್ಗ ಸಡಿಲವಿದ್ದಾಗ ಅದರುದ್ದಕ್ಕೂ ಕೈಯಾಡಿಸಿ ನೋಡುವವರೊಬ್ಬರು ಬೇಕು. ಬಿಗಿಯಾಗುವ ಮೊದಲು ಎಲ್ಲರನ್ನೂ ದೂರ ಕಳಿಸಿ, ತಾವೂ ದೂರದಿಂದಲೇ ಬಾವುಟ ಎತ್ತುವವರು ಬೇಕು. ಆ ಕೆಲಸಕ್ಕೆ ಅನುಭವದ ಕೈಯೇ ಆಗಬೇಕು ಎಂದು ಮಾವನಿಗೆ ಹೇಳಿದಳು.

ಆ ವಾರ ಅವಳು ಗಿರಾಕಿಗಳ ಬಟ್ಟೆ ಬದಿಗಿಟ್ಟು ಮೂರು ವಸ್ತು ಹೊಲಿದಳು. ಸೀಟಿನಿಂದ ಉಳಿದ ತೊಗಲಿನಲ್ಲಿ ಒಂದು ಜೊತೆ ಕೈಗವಸು, ಕೆಂಪು ಬಟ್ಟೆಯ ಬಾವುಟ, ಮತ್ತೆ ದಪ್ಪ ಕ್ಯಾನ್ವಾಸಿನ ಉದ್ದನೆಯ ಚೀಲ. ಚೀಲಕ್ಕೆ ಒದ್ದೆ ಮರಳು ತುಂಬಿ ಹಗ್ಗದ ನಡುವೆ ನೇತುಹಾಕಿದರೆ, ಹರಿದ ಹಗ್ಗ ಹಾರುವ ಬದಲು ನೆಲಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಚೀಲ ಇದೆಯೆಂದು ಹತ್ತಿರ ನಿಲ್ಲುವ ಹಾಗಿಲ್ಲ ಎಂದು ಕ್ರೇನಕ್ಕ ಎರಡು ಸಲ ಹೇಳಿದ್ದಳು.

ಮುಂದಿನ ಓಟದ ಭಾನುವಾರ ಎಮ್ಮೆ ಎಂದಿನಂತೆ ಹೊಂಡದ ನಡುವೆ ಮಲಗಿತು. ಮಾವ ಗವಸು ಹಾಕಿಕೊಂಡು, ಸಡಿಲವಾಗಿ ಬಿದ್ದಿದ್ದ ಹಗ್ಗದ ಮೇಲೆ ಮೊಳ ಮೊಳ ಕೈಯಾಡಿಸುತ್ತಾ ನಡೆದರು. ಮಂಜಿನಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಡುವೆ ಒಂದು ಕಡೆ ನಿಂತುಬಿಟ್ಟರು. ಟೈಲರಮ್ಮ ಕೆಸರು ತುಳಿದು ಹತ್ತಿರ ಹೋದಳು. ಗವಸಿನ ತೊಗಲು ಏನಕ್ಕೋ ಸಿಕ್ಕಿಕೊಂಡಿತ್ತು. ಉಕ್ಕಿನ ಐದಾರು ಎಳೆಗಳು ತುಂಡಾಗಿ ಮುಳ್ಳಿನಂತೆ ಎದ್ದಿದ್ದವು. ಪ್ರತಿ ಸಲ ಅವರು ಅಂಗೈ ಇಡುತ್ತಿದ್ದ ಜಾಗ ಅದೇ.

ಮಾವ ಗವಸು ಕಳಚಿ ತಮ್ಮ ಅಂಗೈಯ ಗೀರು ನೋಡಿಕೊಂಡರು.

"ಕಲ್ಲಲ್ಲ ಕಣಮ್ಮ," ಎಂದರು ಮೆಲ್ಲಗೆ. "ಹೋದ ತಿಂಗಳೇ ಹೇಳಿತ್ತು. ನಂಗೇ ಕೇಳಿಸಲಿಲ್ಲ."

ಆ ಹಗ್ಗವನ್ನು ಅಲ್ಲೇ ಸುತ್ತಿ ಬದಿಗೆ ಹಾಕಿದರು. ಬೇರೆ ಗಟ್ಟಿ ಹಗ್ಗ ಬಂತು. ಅದಕ್ಕೂ ಕೈಯಾಡಿಸಿ, ಕೊಕ್ಕೆಯನ್ನು ಚಾಸಿಗೆ ಹಾಕಿಸಿ, ಮರಳಿನ ಚೀಲ ನೇತುಹಾಕಿದರು. ಆಮೇಲೆ ಮಾವ ದಂಡೆ ಹತ್ತಿ, ಹಗ್ಗದ ಉದ್ದದ ಎರಡರಷ್ಟು ದೂರ ಹೆಜ್ಜೆ ಎಣಿಸಿ ನಿಂತರು. ಚಾಪೆಗಳೆಲ್ಲ ಹಿಂದೆ ಸರಿದವು. ಕೆಂಪು ಬಾವುಟ ಮೇಲೆದ್ದಿತು. ಎಮ್ಮೆ ನಿದ್ದೆಯಿಂದ ಎದ್ದಂತೆ ಸೋಮಾರಿಯಾಗಿ ಕೆಸರು ಬಿಟ್ಟು ಮೇಲೆ ಬಂತು. ಹಗ್ಗದ ಪಕ್ಕದಲ್ಲಿ ಮಂಜು ಬಿಟ್ಟರೆ ಯಾರೂ ಇರಲಿಲ್ಲ. ಆ ಖಾಲಿ ಜಾಗ ನೋಡಿ ಟೈಲರಮ್ಮನ ಜೀವ ತಂಪಾಯಿತು. ಮುಂದಿನ ಗಾಡಿಯ ಅಜ್ಜ ಹಗ್ಗಕ್ಕೆ ಕೈಯಿಡಲು ಹೋದವರು, ಮಾವನ ಕಡೆ ನೋಡಿ, ಗವಸು ಕೇಳಿದರು.

ಓದಿದವರೇ, ಕೇಳಿದವರೇ, ಕೆಸರು ಓಟಕ್ಕೆ ಹೋಗಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ. ಆದರೆ ಎಳೆಯುವ ಹಗ್ಗ ಬಿಗಿಯಾಗುವ ಮೊದಲು ಒಮ್ಮೆ ಸುತ್ತ ನೋಡಿ. ಅದರ ಹತ್ತಿರ ನಿಂತವರು ನಿಮ್ಮ ಮನೆಯವರಿರಲಿ, ಪರರಿರಲಿ, ಕೈ ಹಿಡಿದು ದೂರ ಕರೆತನ್ನಿ. ಅವರು ಮುನಿಸಿಕೊಂಡರೂ ಪರವಾಗಿಲ್ಲ, ಸಂಜೆ ನಿಮ್ಮ ಜೊತೆಯಲ್ಲೇ ಮನೆಗೆ ಬರುತ್ತಾರೆ.