ಐವತ್ತರ ಮುಳ್ಳು

ಅಕ್ಕನ ಉಂಗುರಕ್ಕೆ ಜಾರದಂತೆ ದಾರ ಸುತ್ತಿದೆ, ಹೋದ ಸಲ ದಾರವಿರಲಿಲ್ಲ, ಇತ್ತೋ ಏನೋ, ಕೈ ಹಿಡಿದರೆ ಬೆರಳ ತುದಿಯ ಬಿಂದು ಬಿಟ್ಟು ಬೇರೇನು ಕಂಡಿದ್ದಳು ತಂಗಿ — ಹಿತ್ತಾಳೆ ಕೊಳವೆ ಹಿಡ್ಕೊ ಅಕ್ಕಾ, ಇನ್ನೊಂದು ಕೈ ಇಲ್ಲಿ ಕೊಡು, ಬಂದವರಿಗೆಲ್ಲ ಹೇಳುವ ಮಾತು, ನಾಲಿಗೆ ತಾನಾಗಿ ಹೇಳುತ್ತದೆ, ಬಿಂದುವಿಗೆ ಯಂತ್ರದ ಕಡ್ಡಿ ಮುಟ್ಟಿಸಿದರೆ ಚೂರೇ ಚೂರು ಕರೆಂಟು ಹರಿದು ಮೀಟರಿನ ಮುಳ್ಳು ಏಳುತ್ತದೆ, ಐವತ್ತಕ್ಕೆ ನಿಂತರೆ ಒಳಗೆಲ್ಲ ಸರಿಯಿದೆ, ಕೆಳಗಿಳಿದರೆ ಇಲ್ಲ, ಹಾಗಂತ ಕಲಿಸಿದ ಮೇಷ್ಟ್ರು ಹೇಳಿದ್ದರು, ಗಟ್ಟಿಯಾಗಿ ಒತ್ತಿದರೆ ಯಾರ ಮುಳ್ಳಾದರೂ ಏರುತ್ತದೆ ಎಂದು ಹೇಳಲಿಲ್ಲ, ಅದನ್ನು ಅವಳ ಕೈಯೇ ಕಲಿತುಕೊಂಡಿತು. ಅಕ್ಕ ಮೊದಲು ಬಂದ ದಿನ, ಎದೇಲಿ ಗಂಟು ಸಿಕ್ಕಿದೆ ಕಣೆ, ಆಸ್ಪತ್ರೆಯವರು ಕೂಡಲೇ ಆಪರೇಷನ್ ಆಗ್ಬೇಕು ಅಂತಾರೆ, ನಿನ್ನ ಡಬ್ಬಿ ಏನನ್ನುತ್ತೆ ನೋಡೇ ಡಾಕ್ಟ್ರಮ್ಮ, ನಗುತ್ತಲೇ ಅಂದಳು, ಕೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು, ಅಮ್ಮ ಹೋದ ಮೇಲೆ ಜಡೆ ಹಾಕಿದ ಕೈ, ಜ್ವರ ಬಂದಾಗ ಹಣೆ ಮೇಲಿಂದ ಏಳದ ಕೈ, ಅದು ಹೀಗೆ ತಣ್ಣಗಿರುವುದನ್ನು ತಾಳಲಾರದೆ ಒತ್ತಿದಳು, ಅಷ್ಟೇ, ಒಂದು ಚೂರು ಜಾಸ್ತಿ ಒತ್ತಿದಳು, ಮುಳ್ಳು ಏರಿತು, ಅಕ್ಕನ ಮುಖ ಅರಳಿತು, ನೋಡಿದ್ಯಾ, ಸುಮ್ನೆ ಹೆದರಿಸ್ತಾರೆ ಅವ್ರು — ಆಮೇಲೆ ತಿಂಗಳುಗಟ್ಟಲೆ ಹನಿ ಔಷಧಿ, ತಿಂಗಳುಗಟ್ಟಲೆ ಐವತ್ತು, ಭಾವ ಆಸ್ಪತ್ರೆಯ ಸುದ್ದಿ ಎತ್ತಿದರೆ ಬಾಯಿ ಮುಚ್ಚಿಸುತ್ತಿದ್ದಳಂತೆ, ನನ್ನ ತಂಗಿಯ ಯಂತ್ರ ಸುಳ್ಳು ಹೇಳುತ್ತಾ ಅಂತ.

ಗಂಟು ಮಾತ್ರ ಕರಗಲಿಲ್ಲ, ಇವತ್ತು ಒತ್ತಕೂಡದು, ರಾತ್ರಿಯೆಲ್ಲ ಮಗ್ಗುಲು ಬದಲಿಸಿ ನಿರ್ಧರಿಸಿದ್ದು ಅದೊಂದೇ, ಸಡಿಲ ಹಿಡಿ, ಮುಳ್ಳು ಬೀಳಲಿ, ಹೆದರಲಿ, ಹೆದರಿ ಆಸ್ಪತ್ರೆಗೆ ಓಡಲಿ, ಬದುಕಲಿ — ಇಪ್ಪತ್ತು, ಅಕ್ಕಾ ನೋಡು, ಇಪ್ಪತ್ತಕ್ಕಿಳಿದಿದೆ, ಏಳು, ಈಗಲೇ ಹೋಗೋಣ, ನಾನೂ ಬರ್ತೀನಿ, ಅಕ್ಕ ಏಳಲಿಲ್ಲ, ಹೋದ ವಾರ ನಿಮ್ಮ ಭಾವನ ಜೊತೆ ಹೋಗಿದ್ದೆ ಕಣೆ, ಆವಾಗಲೇ ಬಂದಿದ್ರೆ ತೆಗೀಬಹುದಿತ್ತಂತೆ, ಈಗ ಎಲ್ಲಾ ಕಡೆ ಹರಡಿದೆಯಂತೆ, ಇನ್ನು ಕೊಯ್ಯೋಕಾಗಲ್ವಂತೆ. ಗೋಡೆ ಮೇಲಿನ ಮನುಷ್ಯಾಕೃತಿಯ ಪಟ, ಮೈತುಂಬ ಕೆಂಪು ಚುಕ್ಕೆ, ಎಷ್ಟೊಂದು ಚುಕ್ಕೆ, ಬೈಯಬಾರದೇ ಅಕ್ಕಾ, ಕೆನ್ನೆಗೆರಡು ಬಾರಿಸಬಾರದೇ, ಕೊಂದವಳು ನಾನೇ, ನಾನೇ, ಹೊರಗೆ ಬೆಂಚಿನಲ್ಲಿ ಯಾರೋ ಕೆಮ್ಮುತ್ತಿದ್ದಾರೆ, ಅವರೂ ಈ ಮುಳ್ಳನ್ನೇ ನಂಬಿ ಕೂತಿದ್ದಾರೆ, ಅಕ್ಕ ಬೆರಳನ್ನು ಇನ್ನೂ ಮುಂದಕ್ಕೆ ಚಾಚುತ್ತಾಳೆ, ಅಳಬೇಡ್ವೇ ಪುಟ್ಟಿ, ನೀನು ಒತ್ತಿದ್ರೆ ಏರುತ್ತೆ ಅಂತ ನಂಗೆ ಗೊತ್ತಿರ್ಲಿಲ್ವಾ, ಬೆರಳು ನೋಯ್ತಿತ್ತಲ್ಲ, ನಂಗೂ ಐವತ್ತೇ ಬೇಕಿತ್ತು, ಒತ್ತು, ಇವತ್ತೂ ಒಂದ್ಸಲ ಐವತ್ತು ನೋಡ್ಕೊಂಡು ಹೋಗ್ತೀನಿ — ಕಡ್ಡಿ ಬೆವರಿಗೆ ಜಾರುತ್ತದೆ, ಮತ್ತೆ ಹಿಡಿಯುತ್ತಾಳೆ, ಒತ್ತುತ್ತಾಳೆ, ಉಗುರಿನ ಪಕ್ಕದ ಚರ್ಮ ಬೆಳ್ಳಗಾಗುತ್ತದೆ, ಮೂವತ್ತು, ನಲವತ್ತು, ಅಕ್ಕ ರೆಪ್ಪೆ ಬಡಿಯದೆ ನೋಡುತ್ತಿದ್ದಾಳೆ, ಇನ್ನೂ ಸ್ವಲ್ಪ, ಮುಳ್ಳು ಏರುತ್ತದೆ, ಐವತ್ತು, ಕೈ ಬಿಟ್ಟರೆ ಬೀಳುವ ಮುಳ್ಳು, ಮುಳ್ಳು